ರಾಘು, ಊಟಿ ಬಿಡು, ಕಾಡಂಚಲ್ಲಿ ಒಂದ್ ರಾತ್ರಿ ಉಳ್ಕೊ

ಪ್ರಿಯ ರಾಘು,

ನೀನ್ ಕಳ್ಸಿದ ಪ್ಲಾನು ಓದ್ದೆ ಕಣೋ. ಗುರುವಾರ ಮಧ್ಯಾಹ್ನ ಮೈಸೂರಿಗ್ ಬರೋದು, ಶುಕ್ರವಾರ ಒಂದೇ ದಿನ ಅರಮನೆ ಜೂ ಚಾಮುಂಡಿಬೆಟ್ಟ ಬೃಂದಾವನ, ಶನಿವಾರ ರಿಸೆಪ್ಷನ್, ಭಾನುವಾರ ಮುಹೂರ್ತ, ಸೋಮವಾರ ಬೆಳಗಿನ ಜಾವ ಹೊರಟು ಬಂಡೀಪುರ ಸಫಾರಿ ಮುಗ್ಸಿ ಅಲ್ಲಿಂದ ಊಟಿ, ರಾತ್ರಿ ವಾಪಸ್ ಮೈಸೂರು, ಮಂಗಳವಾರ ಮಡಿಕೇರಿ, ಬುಧವಾರ ಬೆಂಗಳೂರಿಂದ ಪುಣೆ ಫ್ಲೈಟು. ಇದ್ರಲ್ಲಿ ಅಮ್ಮ ಎಲ್ಲಿ ಕೂತ್ಕೋತಾರೆ, ಮಕ್ಳು ಯಾವಾಗ ನಿದ್ದೆ ಮಾಡ್ತಾರೆ, ನೀನು ಸುಮಾ ಯಾವಾಗ ಒಂದ್ ಲೋಟ ಕಾಫಿ ನೆಮ್ಮದಿಯಾಗಿ ಕುಡೀತೀರ ಅಂತ ಎಲ್ಲೂ ಬರೆದಿಲ್ಲ. ಫೋನಲ್ಲಿ ಹೇಳೋಕ್ ಹೋದ್ರೆ ನೀನು ಅರ್ಧಕ್ಕೇ ಅಡ್ಡ ಬಾಯಿ ಹಾಕ್ತೀಯ, ಅದಕ್ಕೇ ಕೂತು ಬರೀತಿದೀನಿ.

ಮೊದ್ಲು ಊಟಿ ವಿಷ್ಯ ಮುಗಿಸ್ಬಿಡ್ತೀನಿ. ಮೈಸೂರಿಂದ ಊಟಿಗೆ ಹತ್ರದ ದಾರೀಲಿ ಹೋದ್ರೂ 125 ಕಿಲೋಮೀಟರ್ ಸುಮಾರಾಗತ್ತೆ, ಮಸಿನಗುಡಿ ಕಡೆಯಿಂದ ಹತ್ತಿದ್ರೆ 36 ಹೇರ್‌ಪಿನ್ ತಿರುವು, ನಿನ್ ಚಿಕ್ಕೋನಿಗೆ ಕಾರಲ್ಲಿ ವಾಂತಿ ಬರತ್ತೆ ಅಂತ ನೀನೇ ಹೇಳ್ತಿದ್ದೆ. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗೋ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇರೆ ಬೇಕು. ಎಲ್ಲಕ್ಕಿಂತ ಮುಖ್ಯ, ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂದ್. 2009ರಿಂದ ಹೀಗೇ ಇದೆ. ರಾತ್ರಿ ಹೊತ್ತು ಲಾರಿ ಕಾರಿಗೆ ಸಿಕ್ಕಿ ಜಿಂಕೆ, ಕಡವೆ, ಆನೆ ಮರಿ ಸಾಯ್ತಾ ಇದ್ವು, ಅದನ್ನ ತಡೆಯೋಕೆ ಮಾಡಿದ್ದು, ಕೇರಳದ ಕಡೆಯಿಂದ ತೆಗೀರಿ ತೆಗೀರಿ ಅಂತ ಎಷ್ಟು ಒತ್ತಡ ಬಂದ್ರೂ ಉಳಿದಿದೆ, ಉಳೀಲೇಬೇಕು. ಅಂದ್ರೆ ನೀನು ಊಟಿಯಲ್ಲಿ ಸಂಜೆ ಟೀ ಕುಡಿಯೋ ಮುಂಚೆನೇ ಗಡಿಯಾರ ನೋಡ್ಕೊಂಡು ಇಳೀಬೇಕು. ಯಾಕಪ್ಪಾ ಬೇಕು ಅದು? ಊಟಿಗೆ ಅಂತಾನೇ ಇನ್ನೊಂದ್ಸಲ ಬಾ. ಮಡಿಕೇರೀನೂ ಅಷ್ಟೇ.

ನಾನ್ ಹೇಳೋದು ಒಂದೇ ಮಾತು, ಊರು ನೋಡೋಕೆ ಎರಡು ಹಗಲು ಸಾಕು, ಕಾಡಿಗೆ ಮಾತ್ರ ಒಂದ್ ರಾತ್ರಿ ಕೊಡು. ಸುಮ್ನೆ ಸಫಾರಿ ಬಸ್ ಹತ್ತಿ ಇಳಿದ್ರೆ ಕಾಡು ಕಾಣಲ್ಲ, ಬಸ್ಸಿನ ಕಿಟಕಿ ಕಾಣತ್ತೆ. ಸಂಜೆ ಕತ್ತಲಾಗೋದು, ಹಕ್ಕಿ ಸದ್ದು ನಿಂತು ಹುಳದ ಸದ್ದು ಶುರುವಾಗೋದು, ಬೆಳಗ್ಗೆ ಐದೂವರೆಗೆ ಎದ್ದಾಗ ಆ ಚಳಿ, ಇವೆಲ್ಲ ಸೇರಿದ್ರೇನೇ ಮಕ್ಳಿಗೆ ಕಾಡು ಅನ್ನೋದು ತಲೇಲಿ ಕೂರೋದು.

ಈಗ ಊರಿನ ಲೆಕ್ಕ. ಶುಕ್ರವಾರ ಚಾಮುಂಡಿಬೆಟ್ಟ ಬೇಡವೇ ಬೇಡ, ಮಂಗಳವಾರ ಶುಕ್ರವಾರ ದರ್ಶನಕ್ಕೆ ಸಾಲು ಜಾಸ್ತಿ. ಶನಿವಾರ ಬೆಳಗ್ಗೆ ಬೇಗ ಹೋಗಿ, ರಿಸೆಪ್ಷನ್ ಇರೋದು ಸಂಜೆ ತಾನೆ. ಅಮ್ಮನ್ನ ಕಾರಲ್ಲೇ ಮೇಲಕ್ಕೆ ಕರ್ಕೊಂಡ್ ಹೋಗು, ದರ್ಶನ ಆದ್ಮೇಲೆ ನೀನೂ ಮಕ್ಳೂ ಮೆಟ್ಟಿಲಲ್ಲಿ ನಂದಿ ತನಕ ಇಳೀರಿ, ಕಾರು ಅಮ್ಮನ ಜೊತೆ ರಸ್ತೇಲಿ ನಂದಿ ಹತ್ರ ಬರ್ಲಿ. ಸಾವಿರ ಮೆಟ್ಟಿಲು ಹತ್ತಿಸಿ ಮಕ್ಳನ್ನ ಸುಸ್ತು ಮಾಡ್ಬೇಡ, ಇಳಿಯೋದ್ರಲ್ಲಿ ಊರೆಲ್ಲ ಕಣ್ಮುಂದೆ ಹರಡ್ಕೊಂಡಿರತ್ತೆ, ಅದೇ ಚೆಂದ. ನಂದಿ ದೊಡ್ಡದೇವರಾಜ ಒಡೆಯರ ಕಾಲದ್ದು, 17ನೇ ಶತಮಾನ, ಒಂದೇ ಬಂಡೆ. ಕೊರಳಲ್ಲಿರೋ ಗಂಟೆ ಸರ ಹತ್ರದಿಂದ ನೋಡೋಕ್ ಹೇಳು ಮಕ್ಳಿಗೆ, ಒಂದೊಂದು ಗಂಟೇನೂ ಬಿಡಿಬಿಡಿಯಾಗಿ ಕೆತ್ತಿದಾರೆ.

ಶುಕ್ರವಾರ ಬೆಳಗ್ಗೆ ಅರಮನೆ, ಬಾಗ್ಲು ತೆಗೆಯೋ ಹೊತ್ತಿಗೇ ಹೋಗ್ಬಿಡಿ. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಟೈಮಲ್ಲೇ ಸುಟ್ಟೋಯ್ತು, ಹೆನ್ರಿ ಇರ್ವಿನ್ ಅನ್ನೋರ ನಕ್ಷೆ ಪ್ರಕಾರ ಈಗಿನದು 1912ಕ್ಕೆ ಎದ್ದು ನಿಂತಿದ್ದು. ಒಳಗೆ ಕಲ್ಯಾಣಮಂಟಪದಲ್ಲಿ ನಿಂತು ಬಣ್ಣದ ಗಾಜಿನ ಚಾವಣಿ ಸುಮ್ನೆ ನೋಡ್ತಾ ನಿಂತ್ಕೊಳ್ಳಿ, ಗೈಡು ಎಳ್ಕೊಂಡ್ ಹೋದ್ರೂ ಹೋಗ್ಬೇಡಿ. ಗೋಡೆ ಮೇಲೆ ದಸರಾ ಮೆರವಣಿಗೆ ಚಿತ್ರ ಸಾಲಾಗಿ ಇದಾವೆ, ಅದ್ರಲ್ಲಿರೋ ಮುಖಗಳು ಆಗ ನಿಜವಾಗ್ಲೂ ಇದ್ದ ಜನರದ್ದೇ. ದೀಪ ಹಚ್ಚೋದು ಭಾನುವಾರ ಮತ್ತೆ ಸರ್ಕಾರಿ ರಜೆ ದಿನ ಸಂಜೆ ಏಳರ ಹೊತ್ತಿಗೆ, ಅದು ನಿಮ್ ಮುಹೂರ್ತದ ದಿನಾನೇ ಬಿದ್ದಿದೆ, ಊಟ ಮಾಡಿ ಮಲಗಿ ಎದ್ದು ರೇಷ್ಮೆ ಸೀರೆ ಪಂಚೆಯಲ್ಲೇ ಹೋಗ್ಬೋದು. ಬೃಂದಾವನ ಬಿಟ್ಬಿಡು, ನಿಮ್ಮಮ್ಮ ನೋಡಿದಾರೆ, ಮಕ್ಳಿಗೆ ಅರಮನೆ ದೀಪ ಸಾಕು.

ಶುಕ್ರವಾರ ಮಧ್ಯಾಹ್ನ ಜೂ. ಮಂಗಳವಾರ ರಜಾ ಇರತ್ತೆ, ಅದು ನಿನ್ ಪ್ಲಾನಲ್ಲಿ ಇರ್ಲಿಲ್ಲ. ಕಾಡಿಗೇ ಹೋಗ್ತೀವಲ್ಲ ಜೂ ಯಾಕೆ ಅಂತ ಸುಮಾ ಕೇಳ್ಬೋದು. ನನ್ ಪ್ರಕಾರ ಕಾಡಿಗ್ ಹೋಗೋ ಮುಂಚೆ ಜೂ ನೋಡ್ಲೇಬೇಕು. 1892ರಿಂದ ಇರೋ ಜೂ, ಮರಗಳನ್ನ ನೋಡೋಕೇ ಟೈಮ್ ಸಾಲದು, ಜಿರಾಫೆ ಇದೆ, 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾ ಇವೆ. ಅಲ್ಲಿ ಹುಲಿಯನ್ನ ಕಣ್ತುಂಬ ನೋಡ್ಬಿಟ್ರೆ ಕಾಡಲ್ಲಿ ಹುಲಿ ಹುಲಿ ಅಂತ ಹಟ ಹಿಡಿಯಲ್ಲ, ಆಗ ಉಳಿದದ್ದೆಲ್ಲ ಕಣ್ಣಿಗೆ ಬೀಳತ್ತೆ. ಸಂಜೆ ದೇವರಾಜ ಮಾರ್ಕೆಟ್ಟು, ಹೂವಿನ ಸಾಲಲ್ಲಿ ಅಮ್ಮನಿಗೆ ಮಲ್ಲಿಗೆ, ಪಕ್ಕದಲ್ಲೇ ಗುರು ಸ್ವೀಟ್ಸಲ್ಲಿ ಮೈಸೂರ್ ಪಾಕ್, ಬಿಸಿ ಇದ್ರೆ ಅಲ್ಲೇ ನಿಂತ್ಕೊಂಡ್ ತಿನ್ನಿ. ನಂಜನಗೂಡು ರಸಬಾಳೆ ಕಂಡ್ರೆ ತಗೊ, ಇತ್ತೀಚೆಗೆ ಬೆಳೆಯೋರೇ ಕಮ್ಮಿ.

ಶನಿವಾರ ಬೆಟ್ಟ ಇಳಿದು ತಿಂಡಿ ಆದ್ಮೇಲೆ ಟೈಮ್ ಇದ್ರೆ ರಂಗನತಿಟ್ಟು. ಫೆಬ್ರವರೀಲಿ ಬರ್ತಿದೀರ, ಅದಕ್ಕಿಂತ ಒಳ್ಳೆ ಕಾಲ ಸಿಗಲ್ಲ. ಕಾವೇರಿಗೆ 17ನೇ ಶತಮಾನದಲ್ಲಿ ಒಡ್ಡು ಕಟ್ಟಿದಾಗ ಉಂಟಾದ ಪುಟ್ಟ ಪುಟ್ಟ ದ್ವೀಪಗಳು, ಪಕ್ಷಿತಜ್ಞ ಸಲೀಂ ಅಲಿಯವರು ನೋಡಿ ಮಹಾರಾಜರಿಗೆ ಹೇಳಿದ್ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು. ದೋಣಿ ಮರದ ಬುಡಕ್ಕೇ ಹೋಗತ್ತೆ, ಬಣ್ಣದ ಕೊಕ್ಕರೆ ಗೂಡಿಗೆ ಕಡ್ಡಿ ತಂದು ಹೆಣ್ಣಿಗೆ ಕೊಡೋದು, ಅದು ಆ ಕಡ್ಡೀನ ಅಲ್ಲಿ ಇಲ್ಲಿ ಸಿಕ್ಕಿಸಿ ಸರಿ ಹೋಗ್ಲಿಲ್ಲ ಅಂತ ಮತ್ತೆ ಕಿತ್ತು ಇನ್ನೊಂದ್ ಕಡೆ ಸಿಕ್ಕಿಸೋದು, ಎಲ್ಲಾ ನಿನ್ ಕೈಗೆಟುಕೋ ಹಾಗೆ. ಬಂಡೆ ಮೇಲೆ ಮೊಸಳೆ ಬಾಯಿ ತಕ್ಕೊಂಡು ಬಿಸಿಲು ಕಾಯ್ತಿರತ್ತೆ, ಚಿಕ್ಕೋನ ಕೈ ನೀರಿಗೆ ಹೋಗದ ಹಾಗೆ ಹಿಡ್ಕೊ. ಅಮ್ಮನಿಗೂ ಇದು ಕಷ್ಟ ಇಲ್ಲ, ಕೂತ್ಕೊಂಡೇ ನೋಡೋದು.

ಇನ್ನು ಕಾಡು, ಸೋಮವಾರ ರಾತ್ರಿ ಅಲ್ಲೇ. ಬಂಡೀಪುರವೋ ನಾಗರಹೊಳೆಯೋ ಅಂತ ನಿನ್ ಪ್ರಶ್ನೆ. ಎರಡೂ ಅಕ್ಕಪಕ್ಕದ್ದೇ, ನಡುವೆ ಕಬಿನಿ ನದಿಯ ಹಿನ್ನೀರು. ಬಂಡೀಪುರ 1931ರಲ್ಲಿ ಮಹಾರಾಜರು ಚಿಕ್ಕದಾಗಿ ಶುರು ಮಾಡಿದ್ದು, 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತರಲ್ಲಿ ಒಂದು. ನಾಗರಹೊಳೆ 1955ರಲ್ಲಿ ಅಭಯಾರಣ್ಯ, 1988ರಲ್ಲಿ ನ್ಯಾಷನಲ್ ಪಾರ್ಕ್, 643 ಚದರ ಕಿಲೋಮೀಟರ್. ನಿಮಗೆ ನಾಗರಹೊಳೆಯ ಕಬಿನಿ ಕಡೆ ಸರಿ ಅಂತೀನಿ, ಅದಕ್ಕೆ ಕಾರಣ ಅಮ್ಮ. ಅವರ ಮಂಡಿಗೆ ಜೀಪಿನ ಕುಲುಕಾಟ ಆಗಲ್ಲ, ಕಬಿನಿಯಲ್ಲಾದ್ರೆ ಹಿನ್ನೀರಲ್ಲಿ ಬೋಟ್ ಸಫಾರಿ ಇದೆ, ನೀವು ಜೀಪಲ್ಲಿ ಹೋದಾಗ ಅವರು ನೀರಿನ ದಂಡೇಲಿ ಕುರ್ಚಿ ಹಾಕ್ಕೊಂಡು ಕೂರ್ಬೋದು. ಕಾರಾಪುರದಲ್ಲಿರೋ ಸರ್ಕಾರದ ಜಂಗಲ್ ಲಾಡ್ಜಸ್ ರೆಸಾರ್ಟು ಕಾಸ್ಟ್ಲಿ, ಆದ್ರೆ ಊಟ ರೂಮು ಸಫಾರಿ ಎಲ್ಲಾ ಒಟ್ಟಿಗೆ ಸೇರಿರತ್ತೆ, ಊಟಿ ಮಡಿಕೇರಿ ಪೆಟ್ರೋಲು ಹೋಟ್ಲು ಉಳಿದ ದುಡ್ಡು ಇಲ್ಲಿಗೆ ಹಾಕು. ಅಲ್ಲಿ ರೂಮು ಸಿಗ್ಲಿಲ್ಲ ಅಂದ್ರೆ ಸುತ್ತಮುತ್ತ ಯಾವ್ದಾದ್ರೂ ಹೋಂಸ್ಟೇಲಿ ಉಳ್ಕೊಂಡು ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆ ಬಸ್ಸಲ್ಲಿ ಹೋಗ್ಬೋದು, ಟಿಕೆಟ್ ಆನ್‌ಲೈನಲ್ಲಿ ಮುಂಚೆನೇ ಮಾಡ್ಬೇಕು.

ಒಂದು ವಿಷ್ಯ ಸೀರಿಯಸ್ಸಾಗಿ ಕೇಳು. ಸರಗೂರು ಕಡೆ ಹುಲಿ ದಾಳಿಗೆ ರೈತರು ಪ್ರಾಣ ಕಳ್ಕೊಂಡ್ಮೇಲೆ 2025ರ ನವೆಂಬರಲ್ಲಿ ಬಂಡೀಪುರ ನಾಗರಹೊಳೆ ಎರಡ್ರಲ್ಲೂ ಸಫಾರಿ ನಿಲ್ಲಿಸಿದ್ರು. ಟೂರಿಸ್ಟುಗಳಿಗೆ ಬೇಜಾರಾಯ್ತು, ರೆಸಾರ್ಟ್ ನಂಬ್ಕೊಂಡಿದ್ದ ಡ್ರೈವರು ಅಡುಗೆಯವ್ರಿಗೆ ತುಂಬಾನೇ ಕಷ್ಟ ಆಯ್ತು, ಆದ್ರೆ ಹೊಲಕ್ಕೆ ಹೋದೋರು ಮನೆಗೆ ವಾಪಸ್ ಬರದೇ ಇದ್ದ ಊರಿನ ಪಕ್ಕದಲ್ಲೇ ನಾವು ಕ್ಯಾಮೆರಾ ಹಿಡ್ಕೊಂಡು ಹುಲಿ ತೋರ್ಸಿ ಅನ್ನೋದಕ್ಕೆ ಮನಸ್ಸಾದ್ರೂ ಹೇಗ್ ಬರತ್ತೆ. ಅದಕ್ಕೇ ದುಡ್ಡು ಕಟ್ಟೋ ಮುಂಚೆ ಆ ದಿನಗಳಲ್ಲಿ ಸಫಾರಿ ಯಾವ್ ಯಾವ್ ಗೇಟಿಂದ ನಡೀತಿದೆ ಅಂತ ಇಲಾಖೆಯವ್ರನ್ನ ನಾನೇ ಕೇಳಿ ಹೇಳ್ತೀನಿ. ಫೆಬ್ರವರಿ ಅಂದ್ರೆ ಬೆಂಕಿ ಭಯದ ಕಾಲಾನೂ ಹೌದು, 2019ರ ಫೆಬ್ರವರೀಲಿ ಬಂಡೀಪುರ ಸಾವಿರಾರು ಎಕರೆ ಸುಟ್ಟೋಗಿತ್ತು, ಗೋಪಾಲಸ್ವಾಮಿ ಬೆಟ್ಟದ ಸುತ್ತ ಕರೀ ಬೂದಿ. ಅಂಥದ್ದೇನಾದ್ರೂ ಆದ್ರೆ ಗೇಟು ಮುಚ್ಚತ್ತೆ, ಆಗ ಸಿಬ್ಬಂದಿ ಜೊತೆ ವಾದಕ್ಕಿಳೀಬೇಡ. ಅವ್ರು ಸೊಪ್ಪಿನ ಕೊಂಬೆ ಹಿಡ್ಕೊಂಡು ಬೆಂಕಿಗೆ ಬಡಿಯೋ ಜನ.

ಸಫಾರಿ ಇರ್ಲಿಲ್ಲ ಅಂದ್ರೆ ಏನ್ ಮಾಡೋದು ಅಂತೀಯಾ? ಆಗ ಸೋಮವಾರ ಗುಂಡ್ಲುಪೇಟೆ ಕಡೆ ಹೋಗೋಣ. ದಾರೀಲಿ ನಂಜನಗೂಡು ಶ್ರೀಕಂಠೇಶ್ವರ, ಟಿಪ್ಪು ಆನೆಯ ಕಣ್ಣು ವಾಸಿಯಾಯ್ತು ಅಂತ ಹಕೀಂ ನಂಜುಂಡ ಅಂತ ಕರೆದ ಅಂತಾರಲ್ಲ ಅದೇ ದೇವ್ರು. ಪಕ್ಕದಲ್ಲೇ ಹದಿನಾರು ಅನ್ನೋ ಊರಿನ ಕೆರೆ, ಚಳಿಗಾಲದಲ್ಲಿ ಹಿಮಾಲಯ ದಾಟಿ ಬರೋ ಪಟ್ಟೆತಲೆ ಬಾತುಗಳು ಅಲ್ಲಿ ಇಳೀತಾವೆ, ನೀವು ಬರೋ ಹೊತ್ತಿಗೆ ಇನ್ನೂ ಇರ್ಬೇಕು. ಆಮೇಲೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರದಲ್ಲೇ ಎತ್ತರದ್ದು, 1454 ಮೀಟರ್. ಸ್ವಂತ ಗಾಡಿ ಬಿಡಲ್ಲ, ಕೆಳಗೆ ನಿಲ್ಸಿ ಕೆಎಸ್ಆರ್‌ಟಿಸಿ ಬಸ್ಸಲ್ಲಿ ಹೋಗ್ಬೇಕು, ಅದು ಒಳ್ಳೇದೇ ಆಯ್ತು. ಮೇಲ್ಗಡೆ ಗಾಳಿ ಹೆಂಗ್ ಬೀಸತ್ತೆ ಅಂದ್ರೆ ಮಾತಾಡಿದ್ದು ಕೇಳ್ಸಲ್ಲ, ಎದುರು ಬೆಟ್ಟದ ಹುಲ್ಲಲ್ಲಿ ಆನೆ ಹಿಂಡು ಕಪ್ಪಗೆ ಕಾಣ್ಸಿದ್ರೂ ಕಾಣಿಸ್ತು.

ಸಫಾರಿ ನಡೆದ್ರೆ ಹೇಗಿರತ್ತೆ ಅಂತ ಹೇಳ್ತೀನಿ ಕೇಳು, ಮಕ್ಳಿಗೆ ಓದಿ ಹೇಳು. ಹೋದ ಬೇಸಿಗೇಲಿ ದಮ್ಮನಕಟ್ಟೆ ಒಳಗೆ ಡ್ರೈವರು ಇದ್ದಕ್ಕಿದ್ದಂಗೆ ಎಂಜಿನ್ ಆಫ್ ಮಾಡಿದ್ರು. ಮತ್ತಿ ಮರದ ತುದೀಲಿ ಒಂದು ಮುಸುವ ಕೆಳಗೆ ಬಗ್ಗಿ ನೋಡ್ತಾ ಕೆಮ್ಮಿದ ಹಾಗೆ ಕೂಗೋಕೆ ಶುರು ಮಾಡ್ತು, ಆ ಕಡೆ ಜಿಂಕೆಗಳೆಲ್ಲ ಮೇಯೋದು ಬಿಟ್ಟು ಒಂದೇ ದಿಕ್ಕಿಗೆ ಕಿವಿ ನಿಮಿರಿಸಿ ನಿಂತ್ವು, ಒಂದು ಮುಂಗಾಲಲ್ಲಿ ನೆಲ ಟಪ್ ಟಪ್ ಅಂತ ಕುಟ್ತಾ ಇತ್ತು. ಲಂಟಾನ ಪೊದೆ ಹಿಂದೆ ಏನೋ ಇದೆ. ಗಾಡೀಲಿದ್ದ ಒಬ್ರೂ ಉಸಿರು ಬಿಡ್ಲಿಲ್ಲ. ಏನೂ ಹೊರಗೆ ಬರ್ಲಿಲ್ಲ, ಸ್ವಲ್ಪ ಹೊತ್ತಾದ್ಮೇಲೆ ಜಿಂಕೆಗಳು ತಲೆ ತಗ್ಸಿ ಮತ್ತೆ ಮೇಯೋಕೆ ಶುರು ಮಾಡಿದ್ವು. ಹುಲಿ ಎದುರಿಗೇ ಬಂದು ನಿಂತಿದ್ದನ್ನ ನೋಡಿದೀನಿ, ಆದ್ರೂ ಇವತ್ತಿಗೂ ಜಾಸ್ತಿ ನೆನಪಾಗೋದು ಆ ಜಿಂಕೆ ಕಾಲೇ. ಅದಕ್ಕೇ ಡ್ರೈವರ್‌ನ ಪೀಡಿಸ್ಬೇಡ, ಕಾಡಲ್ಲಿ ಏನ್ ಸದ್ದಾಗ್ತಿದೆ ಅಂತ ಅವ್ರನ್ನ ಕೇಳು, ಆಗ ಅವ್ರು ಬಾಯಿ ಬಿಡ್ತಾರೆ. ಕಾಟಿ, ಸೀಳುನಾಯಿ, ಕೆಂಜಳಿಲು, ಎಲೆ ಉದುರಿದ ಮುತ್ತುಗದ ಮರ ತುಂಬ ಕೆಂಪು ಹೂವು, ಇವೆಲ್ಲ ಸಿಕ್ಕೋ ಕಾಲ ಇದು. ಆನೆಗಳು ಹಿಂಡು ಹಿಂಡಾಗಿ ಹಿನ್ನೀರಿಗೆ ಬರೋದು ಮಾತ್ರ ನೀರು ಇಳಿದ್ಮೇಲೆ, ಏಪ್ರಿಲ್ ಮೇ ಹೊತ್ತಿಗೆ. ಫೆಬ್ರವರೀಲಿ ಅಲ್ಲೊಂದು ಇಲ್ಲೊಂದು ಕಾಣತ್ತೆ, ನೂರಾರು ಅಂತ ಫೋಟೋ ನೋಡಿ ಮಕ್ಳಿಗೆ ಆಸೆ ಹುಟ್ಟಿಸ್ಬೇಡ.

ಕಬಿನಿ ದಂಡೆಯ ಕಾಕನಕೋಟೆ ಕಾಡಲ್ಲೇ ಹಿಂದೆ ಖೆಡ್ಡಾ ಮಾಡಿ ಆನೆ ಹಿಡೀತಿದ್ದಿದ್ದು, ಕೊನೇದು 1971ರಲ್ಲಿ. ಆಮೇಲೆ 1974ಕ್ಕೆ ಕಬಿನಿ ಅಣೆಕಟ್ಟು ಮುಗಿದು ನೀರು ನಿಂತು ಆ ಜಾಗ, ಹಳ್ಳಿಗಳು, ಕಾಡಿನ ಜನರ ವಾಸದ ಹಾಡಿಗಳು ಮುಳುಗಿದ್ವು. ಜೇನುಕುರುಬರು ಬೆಟ್ಟಕುರುಬರು ಕಾಡೊಳಗಿಂದ ಅಂಚಿಗೆ ಬಂದ್ರು, ಆನೆ ಪಳಗಿಸೋದು, ಹೆಜ್ಜೆ ನೋಡಿ ಪ್ರಾಣಿ ಯಾವ ಕಡೆ ಹೋಯ್ತು ಅನ್ನೋದು, ಜೇನು ಕೀಳೋದು ಎಲ್ಲಾ ಗೊತ್ತಿರೋ ಜನ. ರಸ್ತೆ ಪಕ್ಕ ಅವರ ಹಾಡಿ ಕಾಣತ್ತೆ, ಗಾಡಿ ನಿಲ್ಸಿ ಫೋಟೋ ತೆಗೀಬೇಡಿ. ಇದನ್ನ ನಿನ್ ಮಗಳಿಗೆ ಹೇಳು, ಅವ್ಳಿಗೆ ಅರ್ಥ ಆಗೋ ವಯಸ್ಸು.

ಮಂಗಳವಾರ ಬೆಳಗ್ಗೆ ಬೋಟು, ತಿಂಡಿ, ಹೊರಟು ಎಚ್.ಡಿ. ಕೋಟೆ ಮೇಲೆ ಮೈಸೂರಿಗೆ ವಾಪಸ್, ನಮ್ಮನೇಲಿ ಊಟ, ಮಿಕ್ಕಿದ್ದು ನಿದ್ದೆ. ಬುಧವಾರ ಬೆಂಗಳೂರಿಗೆ ಎಕ್ಸ್‌ಪ್ರೆಸ್‌ವೇ ಹಿಡೀಬೇಡ, ಫ್ಲೈಟು ರಾತ್ರಿ ತಾನೆ, ಸೋಮನಾಥಪುರ ನೋಡ್ಕೊಂಡು ಮಳವಳ್ಳಿ ಕನಕಪುರ ರಸ್ತೇಲಿ ಹೋಗು. 13ನೇ ಶತಮಾನದ ಹೊಯ್ಸಳರ ಕೇಶವ ದೇವಸ್ಥಾನ, ಬೇಲೂರು ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ಹೊರಗೋಡೆ ಸುತ್ತ ಒಂದ್ಸಲ ಕೆಳಗಿನ ಸಾಲು ಮಾತ್ರ ನೋಡ್ಕೊಂಡ್ ಬನ್ನಿ, ಆನೆ, ಅದರ ಮೇಲೆ ಕುದುರೆ, ಬಳ್ಳಿ, ಅದರ ಮೇಲೆ ರಾಮಾಯಣ ಭಾರತದ ಕಥೆ, ಆಮೇಲೆ ದೊಡ್ಡ ಮೂರ್ತಿಗಳ ಪೀಠ ನೋಡಿ, ಮಲ್ಲಿತಮ್ಮ ಅಂತ ಶಿಲ್ಪಿ ತನ್ನ ಹೆಸರು ಕೆತ್ತಿರೋದು ಸುಮಾರು ಕಡೆ ಸಿಗತ್ತೆ. ಹಳಗನ್ನಡ ಅಕ್ಷರ, ಮಗಳಿಗೆ ಹುಡುಕೋಕ್ ಬಿಡು.

ನಾಲ್ಕು ಜನ ದೊಡ್ಡೋರು ಮಕ್ಳು ಎಲ್ರದ್ದೂ ಆಧಾರಲ್ಲಿರೋ ಹೆಸ್ರು ವಯಸ್ಸು ಕಳ್ಸು, ರೂಮಿಗೂ ಸಫಾರಿಗೂ ಬೇಕಾಗತ್ತೆ. ನಾಲ್ಕನೇ ದೊಡ್ಡೋನು ನಾನೇ, ನಿಮ್ ಜೊತೆ ಬರ್ತಿದೀನಿ. ಎಲ್ರಿಗೂ ಸ್ವೆಟರ್ ಇಟ್ಕೊ, ಬೆಳಗ್ಗೆ ತೆರೆದ ಜೀಪಲ್ಲಿ ಕಿವಿ ಕಿತ್ತೋಗತ್ತೆ. ಕಣ್ಣಿಗೆ ಹೊಡೆಯೋ ಬಣ್ಣದ ಬಟ್ಟೆ ಬೇಡ. ಬೈನಾಕ್ಯುಲರ್ ನನ್ ಹತ್ರ ಇದೆ, ಹೊಸದು ತಗೋಬೇಡ. ಊಟಿ ಬಿಡೋಕೆ ಸುಮಾ ಒಪ್ಪಿದ್ರೆ ಈ ವಾರದೊಳಗೆ ಹೇಳು, ವೀಕ್‌ಡೇ ಆದ್ರೂ ಕಬಿನಿ ರೂಮು ಬೇಗ ಹೋಗ್ಬಿಡತ್ತೆ. ಅಮ್ಮನಿಗೆ ನನ್ ನಮಸ್ಕಾರ ಹೇಳು, ಮಂಡಿ ಔಷಧಿ ಮರೀದೇ ತರೋಕ್ ಹೇಳು.

ನಿನ್ನ,
ಸೀನ