ಸಮುದ್ರ ಸೇರುವ ನೀರೆಲ್ಲ ವ್ಯರ್ಥವಲ್ಲ

ಮಾನ್ಯ ಸಂಪಾದಕರೇ,

ನಾನು ನರಗುಂದ ತಾಲ್ಲೂಕಿನವನು, ಪಣಜಿ ಮಾರ್ಕೆಟ್‌ನಲ್ಲಿ ತರಕಾರಿ ವ್ಯಾಪಾರಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಬರುವ ಮಾಲು ಮಾರಿಯೇ ನಮ್ಮ ಮನೆ ನಡೆಯುತ್ತದೆ. ಮಹಾದಾಯಿ ನೀರು ಸುಮ್ನೆ ಸಮುದ್ರ ಸೇರಿ ಹಾಳಾಗುತ್ತಿದೆ ಎಂದು ನಮ್ಮ ಕಡೆಯ ಪತ್ರಿಕೆಗಳಲ್ಲಿ ಓದಿದಾಗೆಲ್ಲ ಸಂಕಟವಾಗುತ್ತದೆ.

ನಮ್ಮೂರಿಗೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. 2018ರಲ್ಲಿ ಮಹಾದಾಯಿ ಜಲವಿವಾದ ನ್ಯಾಯಮಂಡಳಿ ಈ ಹೊಳೆಯಿಂದ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿ ನೀರು ಸಿಗಲಿ ಎಂದೇ ನಾನೂ ಕಾಯುತ್ತಿದ್ದೇನೆ. ಆದರೆ ಖಾನಾಪುರದ ಕಾಡಿನಲ್ಲಿ ಹುಟ್ಟಿದ ಆ ಹೊಳೆ ಇಲ್ಲಿ ಮಾಂಡವಿಯಾಗಿ ಏನು ಮಾಡುತ್ತದೆ ಅನ್ನುವುದೂ ಓದುಗರಿಗೆ ಗೊತ್ತಾಗಬೇಕಲ್ವಾ?

ಗೋವಾ ಅಂದರೆ ಬರೀ 3,702 ಚದರ ಕಿ.ಮೀ. ಬೆಳಗಾವಿ ಜಿಲ್ಲೆಯ ಮೂರನೇ ಒಂದು ಪಾಲೂ ಇಲ್ಲ. ಉಬ್ಬರ ಬಂದರೆ ಸಮುದ್ರದ ಉಪ್ಪುನೀರು ಹೊಳೆಯೊಳಗೆ ಬಹಳ ದೂರ ನುಗ್ಗುತ್ತದೆ. ಅದಕ್ಕೆ ಇಲ್ಲಿನವರು ನೂರಾರು ವರ್ಷಗಳ ಹಿಂದೆಯೇ ಮಣ್ಣಿನ ಒಡ್ಡು ಕಟ್ಟಿ ಗದ್ದೆ ಮಾಡಿಕೊಂಡರು. ಅವೇ ಖಜಾನ್ ಗದ್ದೆಗಳು. ಕುಮಟಾ ಕಡೆಯವರು ಗಜನಿ ಅನ್ನುತ್ತಾರಲ್ಲ, ಅದೇ ಬಗೆ. ಉಪ್ಪು ತಡೆಯುವ ಭತ್ತ ಅಲ್ಲಿ ಕಗ್ಗ, ಇಲ್ಲಿ ಕೊರಗುಟ್.

ಒಡ್ಡಿನಲ್ಲಿ ‘ಮಾನಸ್’ ಎಂಬ ಮರದ ತೂಬು ಇರುತ್ತದೆ. ಹೊರಗಿನ ನೀರು ಏರಿದರೆ ಅದರ ಒತ್ತಡಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಇಳಿತಕ್ಕೆ ಒಳಗಿನ ನೀರು ತಳ್ಳಿ ತಾನೇ ತೆರೆಯುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ! ಜೂನ್ ಮಳೆಗೆ ಗದ್ದೆಯ ಉಪ್ಪು ತೊಳೆದುಹೋದ ಮೇಲೆ ಬಿತ್ತನೆ. ಕೊಯ್ಲಾದ ಮೇಲೆ ಅದೇ ನೆಲದಲ್ಲಿ ಮೀನು, ಸಿಗಡಿ. ಒಡ್ಡು ಒಡೆದರೆ ಮಾತ್ರ ಉಪ್ಪುನೀರು ನಿಂತು ಗದ್ದೆ ಹೋದಂತೆಯೇ. ಅದಿರಿನ ಬಾರ್ಜ್‌ಗಳು ಎಬ್ಬಿಸಿದ ಅಲೆಗೆ ಒಡ್ಡು ಕುಸಿದವು ಎಂದು ರೈತರು ಹೇಳುತ್ತಾರೆ. ಮಣ್ಣು ತುಂಬಿ ಮನೆ ಕಟ್ಟುವವರ ಕಾಟ ಬೇರೆ.

ಪಣಜಿಯಲ್ಲಿ ನಾವು ಕುಡಿಯುವ ನೀರೂ ಮಾಂಡವಿಯ ಉಪನದಿ ಖಾಂಡೇಪಾರ್‌ನದು, ಓಪಾ ಘಟಕದಿಂದ ಬರುತ್ತದೆ. ಅದನ್ನು ಕುಡಿಯುವವರಲ್ಲಿ ಗದಗ, ಕೊಪ್ಪಳ, ವಿಜಯಪುರದ ಕೂಲಿಯವರೂ ಇದ್ದಾರೆ. ಬೇಸಿಗೆಯಲ್ಲಿ ಮೇಲಿನ ಸಿಹಿನೀರು ಕಡಿಮೆಯಾದಷ್ಟೂ ಉಪ್ಪು ಮೇಲಕ್ಕೆ ಏರುತ್ತದೆ. ಕರ್ನಾಟಕದ ಕಡೆ ಎಷ್ಟು ನೀರು ತಿರುಗಿಸಿದರೆ ಇಲ್ಲಿ ಏನಾಗುತ್ತದೆ ಎಂದು ಎರಡೂ ಕಡೆಯ ತಜ್ಞರನ್ನು ಕೇಳಿ ಬರೆಯಿರಿ.

ಬಿತ್ತನೆ ಹೊತ್ತಿಗೆ ಒಬ್ಬ ವರದಿಗಾರರನ್ನು ದಿವಾಡಿ ದ್ವೀಪಕ್ಕೆ ಕಳಿಸಿ. ಹಳೇ ಗೋವಾದಿಂದ ಫೆರಿ ಬೋಟ್ ಇದೆ. ಜೊತೆಗೆ ಬಂದು ಕೊಂಕಣಿಯಲ್ಲಿ ರೈತರನ್ನು ಮಾತಾಡಿಸಲು ನಾನು ತಯಾರಿದ್ದೇನೆ.

– ಒಬ್ಬ ತರಕಾರಿ ವ್ಯಾಪಾರಿ, ಪಣಜಿ