ಕೀಪರ್‌ಗೂ ಒಬ್ಬ ಮೇಷ್ಟ್ರು ಬೇಕಲ್ವಾ?

ಸಂಪಾದಕರೇ,

ನಲವತ್ತು ದಾಟಿದ ಮೇಲೂ ಫುಟ್‌ಬಾಲ್ ಆಡಿದವರ ಪಟ್ಟಿಯೊಂದು ಮೊನ್ನೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದಿತ್ತು. ಅದರಲ್ಲಿ ಜಾನ್ ಬರ್ರಿಜ್ ಎಂಬ ಇಂಗ್ಲೆಂಡಿನ ಗೋಲ್‌ಕೀಪರ್‌ಗೆ ಸಿಕ್ಕಿದ್ದು ಎರಡೇ ಸಾಲು. ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್ ಆಡಿದ ಅತಿ ಹಿರಿಯ, ಪಂದ್ಯದ ಹಿಂದಿನ ರಾತ್ರಿ ಗ್ಲೌಸ್ ಹಾಕಿಕೊಂಡೇ ಮಲಗುತ್ತಿದ್ದ ತಮಾಷೆಯ ಮನುಷ್ಯ. ಎರಡೂ ನಿಜವೇ. ಆದರೆ ಈತ ಮಾಡಿದ ದೊಡ್ಡ ಕೆಲಸ ನಡೆದದ್ದು ಆಟ ಬಿಟ್ಟ ಮೇಲೆ, ಒಮಾನ್‌ನಲ್ಲಿ. ಅದರ ಸುದ್ದಿಯೇ ಇರಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಮೊದಲು ಆತನ ಓಡಾಟ ಹೇಳಿಬಿಡುತ್ತೇನೆ. 1951ರಲ್ಲಿ ಇಂಗ್ಲೆಂಡಿನ ವಾಯವ್ಯ ಮೂಲೆಯ ವರ್ಕಿಂಗ್‌ಟನ್‌ನಲ್ಲಿ ಹುಟ್ಟಿದವನು. ಕಲ್ಲಿದ್ದಲು ಗಣಿಗಳ ಸೀಮೆ ಅದು. 1969ರಲ್ಲಿ ಊರಿನ ತಂಡದಲ್ಲೇ ಆಟ ಶುರು. ಅಲ್ಲಿಂದ ಬ್ಲ್ಯಾಕ್‌ಪೂಲ್, ಆಸ್ಟನ್ ವಿಲ್ಲಾ, ಕ್ರಿಸ್ಟಲ್ ಪ್ಯಾಲೇಸ್, ಕ್ಯೂಪಿಆರ್, ವುಲ್ವ್ಸ್, ಶೆಫೀಲ್ಡ್ ಯುನೈಟೆಡ್, ಸೌತಾಂಪ್ಟನ್, ನ್ಯೂಕ್ಯಾಸಲ್, ಸ್ಕಾಟ್ಲೆಂಡಿನ ಹಿಬರ್ನಿಯನ್... ಉಳಿದದ್ದನ್ನು ಬರೆಯುತ್ತಾ ಕೂತರೆ ನಿಮ್ಮ ಕಾಲಂ ಮುಗಿದೇ ಹೋಗುತ್ತದೆ. ಒಟ್ಟು 29 ಕ್ಲಬ್‌ಗಳು. ಇಂಗ್ಲೆಂಡ್, ಸ್ಕಾಟ್ಲೆಂಡ್ ಲೀಗ್ ಪಂದ್ಯಗಳೇ 771. ನಮ್ಮ ಕಡೆ ಇಷ್ಟೊಂದು ವರ್ಗಾವಣೆ ನೋಡಿರುವವರು ಪೊಲೀಸ್ ಇನ್‌ಸ್ಪೆಕ್ಟರ್‌ಗಳು ಮಾತ್ರ.

ಹಾಗಂತ ಬೆಂಚ್ ಬಿಸಿ ಮಾಡುತ್ತಾ ಊರೂರು ಸುತ್ತಿದವನಲ್ಲ. 1971ರಲ್ಲಿ ಬ್ಲ್ಯಾಕ್‌ಪೂಲ್ ತಂಡ ಇಟಲಿಗೇ ಹೋಗಿ ಬೊಲೋನ್ಯಾವನ್ನು ಸೋಲಿಸಿ ಆಂಗ್ಲೋ-ಇಟಾಲಿಯನ್ ಕಪ್ ತಂದಾಗ ಗೋಲಿನಲ್ಲಿ ನಿಂತಿದ್ದವನು ಇವನೇ, ಇನ್ನೂ 20 ತುಂಬಿರಲಿಲ್ಲ. 1977ರಲ್ಲಿ ವಿಲ್ಲಾ ಜೊತೆ ಲೀಗ್ ಕಪ್ ಗೆದ್ದ. ಆ ಫೈನಲ್ ಎರಡು ಸಲ ಡ್ರಾ ಆಗಿ, ಮೂರನೇ ಸಲ ಆಡಿಸಿದ ಮೇಲೆ ಇತ್ಯರ್ಥವಾಯಿತು. 1979ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎರಡನೇ ಡಿವಿಷನ್ ಗೆದ್ದು ಮೇಲಕ್ಕೆ ಬಂದಾಗಲೂ ಕೀಪರ್ ಇವನೇ. 1991ರಲ್ಲಿ, ಎಲ್ಲರೂ ಆಟ ಮುಗಿಸಿ ಮನೆ ಸೇರುವ ವಯಸ್ಸಿನಲ್ಲಿ, ಹಿಬರ್ನಿಯನ್‌ಗೆ ಸ್ಕಾಟಿಷ್ ಲೀಗ್ ಕಪ್ ಗೆಲ್ಲಿಸಿಕೊಟ್ಟ.

ಆ ಗ್ಲೌಸ್ ವಿಷಯಕ್ಕೂ ಬರುತ್ತೇನೆ. ಮನೆಯಲ್ಲಿ ಟಿವಿ ನೋಡುತ್ತಾ ಕೂತಿರುವಾಗ ಹೇಳದೆ ಕೇಳದೆ ಹಣ್ಣು ಎಸೆಯಬೇಕು ಅಂತ ಹೆಂಡತಿಗೆ ಹೇಳಿಟ್ಟಿದ್ದನಂತೆ, ಎಲ್ಲಿಂದ ಬಂದರೂ ಹಿಡಿಯೋಕೆ. ಪಂದ್ಯಕ್ಕೆ ಮುಂಚೆ ಮೈದಾನಕ್ಕೆ ಬಂದು ಲಾಗ ಹಾಕುವುದು, ಕೈ ಮೇಲೆ ನಡೆಯುವುದು ಎಲ್ಲಾ ಇತ್ತು. ಜನ ಅದನ್ನು ನೋಡೋಕೇ ಬೇಗ ಬರುತ್ತಿದ್ದರು. ನಗಬೇಕು ಅನ್ನಿಸಿದರೆ ನಗಿ, ತಪ್ಪಿಲ್ಲ. ಆದರೆ ಆ ಕಾಲದ ಕೀಪರ್‌ಗಳು ಬಂದು ನಾಲ್ಕು ಚೆಂಡು ಹಿಡಿದು, ಕಂಬಕ್ಕೆ ಬೂಟು ಕುಟ್ಟಿ ಮಣ್ಣು ಉದುರಿಸಿ ನಿಂತುಬಿಡುತ್ತಿದ್ದರು. ಪಂದ್ಯಕ್ಕೆ ಮೊದಲು ಕೀಪರ್ ಅರ್ಧ ಗಂಟೆ ಮೈ ಬಿಸಿ ಮಾಡಿಕೊಳ್ಳಬೇಕು ಅನ್ನೋದು ಈಗ ಎಲ್ಲರಿಗೂ ಸಹಜ. ಈತ ಆಗಲೇ ಅದನ್ನು ಮಾಡುತ್ತಿದ್ದ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂತು. ನಮ್ಮವನೇ ಬೇಕಂತ ಕಾಲಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವ ಹಾಗಿಲ್ಲ, ಕಾಲಲ್ಲೇ ಆಡಬೇಕು. ಚಿಕ್ಕಂದಿನಿಂದ ಕೈಯನ್ನೇ ನಂಬಿದ್ದವರಿಗೆ ಇದು ದೊಡ್ಡ ಪೆಟ್ಟು. ಆಗ ಬರ್ರಿಜ್‌ಗೆ 40 ವರ್ಷ. ಆ ವಯಸ್ಸಿನಲ್ಲಿ ಹೊಸ ಆಟ ಕಲಿತು, 1995ರಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡದ ಕೀಪರ್ ಗಾಯಗೊಂಡಾಗ ಅದೇ ತಂಡದ ಪರ ಅರ್ಧ ಪಂದ್ಯಕ್ಕೆ ಇಳಿದ, ಒಂದೂ ಗೋಲು ಬಿಡಲಿಲ್ಲ. ಎದುರಿಗಿದ್ದದ್ದು ನ್ಯೂಕ್ಯಾಸಲ್, ತಾನೇ ಕೀಪರ್‌ಗಳಿಗೆ ಪಾಠ ಹೇಳುತ್ತಿದ್ದ ತಂಡ! ಆ ವರ್ಷದ ಮೇ 14ರಂದು ಕೊನೆಯ ಪ್ರೀಮಿಯರ್ ಲೀಗ್ ಪಂದ್ಯ ಆಡಿದಾಗ ವಯಸ್ಸು 43 ವರ್ಷ 162 ದಿನ. ಆ ದಾಖಲೆ ಇನ್ನೂ ಹಾಗೇ ಇದೆ.

ಆಟ ನಿಂತ ಮೇಲೆ ಈ ಮನುಷ್ಯ ಕುಸಿದುಹೋದ. ಖಿನ್ನತೆ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು, ಅದನ್ನು ಆಮೇಲೆ ತಾನೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾನೆ. ಅಲ್ಲಿಂದ ಎದ್ದು ಬಂದವನು ಒಮಾನ್ ರಾಷ್ಟ್ರೀಯ ತಂಡದ ಗೋಲ್‌ಕೀಪಿಂಗ್ ಕೋಚ್ ಆದ. ಆಮೇಲೆ ದುಬೈನಲ್ಲಿ ಟೆನ್ ಸ್ಪೋರ್ಟ್ಸ್ ಸ್ಟುಡಿಯೋದಲ್ಲೂ ಕಾಣಿಸಿಕೊಂಡ. ಆ ಚಾನೆಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಬರುತ್ತಿದ್ದಾಗ ಮಧ್ಯರಾತ್ರಿ ಎದ್ದು ಕೂರುತ್ತಿದ್ದ ನಮ್ಮಂಥವರಿಗೆ, ಅದೂ ಮಲೆನಾಡಿನಲ್ಲಿ ಕರೆಂಟ್ ಇದ್ದ ರಾತ್ರಿಗಳಲ್ಲಿ, ಮುಖ ಪರಿಚಯ ಇರಬಹುದು.

ಒಮಾನ್‌ನಲ್ಲಿ ಬರ್ರಿಜ್ ಕಣ್ಣಿಗೆ ಬಿದ್ದವನು ಅಲಿ ಅಲ್ ಹಬ್ಸಿ. 1981ರಲ್ಲಿ ಹುಟ್ಟಿದ ಹುಡುಗ, ಕೆಳಗಿನ ಡಿವಿಷನ್‌ನ ಕ್ಲಬ್ ಒಂದರಲ್ಲಿ ಆಡುತ್ತಿದ್ದ. ಹೊಟ್ಟೆಪಾಡಿಗೆ ಮಸ್ಕತ್ ವಿಮಾನ ನಿಲ್ದಾಣದಲ್ಲಿ ಅಗ್ನಿಶಾಮಕ ಸಿಬ್ಬಂದಿ. ಎತ್ತರ ಇತ್ತು, ಕೈ ಚೆನ್ನಾಗಿತ್ತು, ಹೇಳಿಕೊಡುವವರು ಬೇಕಿತ್ತು. ಬರ್ರಿಜ್ ಅವನನ್ನು ತಿದ್ದಿದ, ಯುರೋಪಿಗೆ ದಾರಿ ಮಾಡಿಕೊಟ್ಟ. 2003ರಲ್ಲಿ ಹುಡುಗ ನಾರ್ವೆಯ ಲಿನ್ ಕ್ಲಬ್ ಸೇರಿದ, ಮರುವರ್ಷವೇ ಅಲ್ಲಿನ ವರ್ಷದ ಗೋಲ್‌ಕೀಪರ್. 2006ರಲ್ಲಿ ಇಂಗ್ಲೆಂಡಿನ ಬೋಲ್ಟನ್, ಆಮೇಲೆ ವಿಗನ್. ಪ್ರೀಮಿಯರ್ ಲೀಗ್ ಆಡಿದ ಮೊದಲ ಒಮಾನಿ. 2013ರಲ್ಲಿ ಎಫ್‌ಎ ಕಪ್ ಗೆದ್ದ ವಿಗನ್ ತಂಡದಲ್ಲೂ ಇದ್ದ, ಫೈನಲ್‌ನಲ್ಲಿ ಮಾತ್ರ ಬೆಂಚ್. ಇದಕ್ಕಿಂತ ನನಗೆ ಜಾಸ್ತಿ ಖುಷಿ ಕೊಡುವುದು ಕೊಲ್ಲಿ ದೇಶಗಳ ನಡುವಿನ 2009ರ ಗಲ್ಫ್ ಕಪ್. ಒಮಾನ್ ತನ್ನ ನೆಲದಲ್ಲೇ ಗೆದ್ದಿತು, ಫೈನಲ್‌ನಲ್ಲಿ ಸೌದಿ ಅರೇಬಿಯಾವನ್ನು ಪೆನಾಲ್ಟಿಯಲ್ಲಿ ಸೋಲಿಸಿ. ಇಡೀ ಟೂರ್ನಿಯಲ್ಲಿ ಆಟದ ಸಮಯದಲ್ಲಿ ಅಲ್ ಹಬ್ಸಿ ಒಂದೇ ಒಂದು ಗೋಲು ಬಿಡಲಿಲ್ಲ.

ಬರ್ರಿಜ್ ಒಂದು ಪುಟ್ಟ ದೇಶಕ್ಕೆ ಹೋಗಿ ಒಬ್ಬನಿಗೆ ಸರಿಯಾಗಿ ನಿಲ್ಲೋದು, ಬೀಳೋದು ಕಲಿಸಿದ, ಆ ದೇಶದ ಫುಟ್‌ಬಾಲ್ ಒಂದು ಮೆಟ್ಟಿಲು ಹತ್ತಿತು. ನನ್ನ ಕೇಳಿದರೆ 771 ಪಂದ್ಯಗಳಿಗಿಂತ ಇದೇ ದೊಡ್ಡದು.

ಈಗ ಶಿವಮೊಗ್ಗಕ್ಕೆ ಬರೋಣ. ನಮ್ಮಲ್ಲಿ ಕೀಪರ್ ಹೇಗೆ ಆಗುತ್ತಾನೆ ಅಂತ ನಿಮಗೂ ಗೊತ್ತು. ಓಡೋಕೆ ಆಗದವನು, ಸ್ವಲ್ಪ ದಪ್ಪ ಇರುವವನು, ಇಲ್ಲಾ ತಡವಾಗಿ ಬಂದವನು. "ನೀನು ಗೋಲಲ್ಲಿ ನಿಲ್ಲೋ" ಅಂದರೆ ಮುಗೀತು, ಆಯ್ಕೆ ಪ್ರಕ್ರಿಯೆ ಅಷ್ಟೇ. ಶಾಲೆಗಳ ತಾಲ್ಲೂಕು ಮಟ್ಟದ ಪಂದ್ಯಗಳು ಬರುವುದು ಮಳೆಗಾಲದಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮೈದಾನದಲ್ಲಿ ಎಲ್ಲಕ್ಕಿಂತ ಮೊದಲು ಹುಲ್ಲು ಹೋಗುವುದು ಗೋಲಿನ ಬಾಯಲ್ಲಿ. ಅಲ್ಲಿ ಕೆಂಪು ಕೆಸರಿನ ಗುಂಡಿ. ಕೆಸರಿನಡಿ ಜಂಬಿಟ್ಟಿಗೆಯ ಹರಳು. ಹುಡುಗ ಮೊದಲನೇ ಸಲ ಹಾರುತ್ತಾನೆ, ಮೊಣಕೈ ಮೊದಲು ನೆಲಕ್ಕೆ ಬಡಿಯುತ್ತದೆ, ಚರ್ಮ ಕಿತ್ತು ಬರುತ್ತದೆ. ಎರಡನೇ ಸಲ ಹಾರುವುದಿಲ್ಲ, ಕಾಲು ಚಾಚುತ್ತಾನೆ. ಹೊರಗೆ ಕೊಡೆ ಹಿಡಿದು ನಿಂತವರು ಬೈಯುತ್ತಾರೆ. ಪಾಪ, ಬೀಳೋದನ್ನು ಅವನಿಗೆ ಹೇಳಿಕೊಟ್ಟವರು ಯಾರು?

ಬೀಳೋದಕ್ಕೂ ಒಂದು ಕ್ರಮ ಇದೆ ಸ್ವಾಮಿ. ಹೊಟ್ಟೆ ಮೇಲೆ ಬೀಳಬಾರದು, ಮೊಣಕೈ ಊರಬಾರದು, ಪಕ್ಕೆಯ ಮೇಲೆ ಇಳಿಯಬೇಕು. ಮೊದಲು ಮೊಣಕಾಲಿನ ಹೊರಗಿನ ಬದಿ, ಆಮೇಲೆ ಸೊಂಟ, ಆಮೇಲೆ ಭುಜ. ಒಂದು ಕೈ ಚೆಂಡಿನ ಹಿಂದೆ, ಇನ್ನೊಂದು ಕೈ ಮೇಲೆ, ಆಗ ನೆಲವೇ ಮೂರನೇ ಕೈ ಆಗುತ್ತದೆ. ಎದೆ ಎತ್ತರದ ಚೆಂಡಿಗೆ ಎರಡೂ ಹೆಬ್ಬೆರಳು ಚೆಂಡಿನ ಹಿಂದೆ ಹತ್ತಿರ ಬರಬೇಕು, ಇಲ್ಲದಿದ್ದರೆ ಒದ್ದೆ ಚೆಂಡು ನಡುವೆ ಜಾರಿ ಮುಖಕ್ಕೇ ಬಡಿಯುತ್ತದೆ. ಒಬ್ಬನೇ ಚೆಂಡು ಹಿಡಿದು ನುಗ್ಗಿ ಬಂದರೆ ಗೆರೆ ಮೇಲೆ ನಿಂತು ಕಾಯಬಾರದು, ಮುಂದೆ ಬರಬೇಕು, ಬಂದಷ್ಟೂ ಅವನಿಗೆ ಕಾಣುವ ಗೋಲು ಚಿಕ್ಕದಾಗುತ್ತದೆ. ಮೊದಲು ಇದನ್ನೆಲ್ಲ ಮೊಣಕಾಲೂರಿ ಕೂತು, ಮೆತ್ತಗಿನ ಹುಲ್ಲಿನ ಮೇಲೆ, ಕೈಯಲ್ಲಿ ಎಸೆದ ಚೆಂಡಿನಿಂದ ಕಲಿಸುತ್ತಾರೆ. ಖರ್ಚೇನೂ ಇಲ್ಲ, ಗೊತ್ತಿರುವ ಒಬ್ಬರು ಬೇಕು ಅಷ್ಟೇ.

ಕೈ ಇರುವ ಹುಡುಗರಿಗೆ ಮಲೆನಾಡಿನಲ್ಲಿ ಬರ ಇಲ್ಲ. ಅಡಿಕೆ ಕೊಯ್ಲಿನಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಹಿಡಿಯುವವರನ್ನು ನೋಡಿದ್ದೀರಲ್ಲ. ಮರದ ತುದಿಯಿಂದ ಹಗ್ಗದಲ್ಲಿ ಜಾರಿ ಬರುವ ಭಾರದ ಕೊನೆಯನ್ನು ಕತ್ತೆತ್ತಿ ನೋಡುತ್ತಾ, ಕಾಲು ಸರಿಸುತ್ತಾ, ಒಂದು ಕಾಯಿ ಉದುರದ ಹಾಗೆ ಹಿಡಿಯುತ್ತಾರೆ. ಅಂಥ ಹುಡುಗನ್ನ ಯಾರೂ ಗೋಲಲ್ಲಿ ನಿಲ್ಲಿಸಿ ನೋಡಿಲ್ಲ, ಅವನೋ ಕಬಡ್ಡಿಗೆ ಇಲ್ಲಾ ಟೆನಿಸ್ ಬಾಲ್ ಕ್ರಿಕೆಟ್‌ಗೆ ಹೋಗಿರುತ್ತಾನೆ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಮೇಲೆ ನಮಗೂ ಹೆಮ್ಮೆ ಇದೆ, ಕ್ರಿಕೆಟ್ ಬೇಡ ಅಂತ ಹೇಳುತ್ತಿಲ್ಲ. ಆದರೆ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅದು ನಮ್ಮ ಎಷ್ಟು ಶಾಲೆಗಳಿಗೆ ಗೊತ್ತು?

ದೊಡ್ಡ ಮಟ್ಟದಲ್ಲೂ ಪಾಠ ಒಂದೇ. ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕೂಡ ಅಲ್ ಹಬ್ಸಿ ಹಾಗೇ ನಾರ್ವೆಗೆ ಹೋದವರು. 2014ರಲ್ಲಿ ಸ್ಟಾಬೆಕ್ ಸೇರಿ, ಮೂರು ವರ್ಷ ಇದ್ದು ಬಂದರು. 2025ರ ಸೆಪ್ಟೆಂಬರ್‌ನಲ್ಲಿ ಮಧ್ಯ ಏಷ್ಯಾ ಫುಟ್‌ಬಾಲ್ ಸಂಸ್ಥೆಯ ಕಾಫಾ ನೇಷನ್ಸ್ ಕಪ್‌ನ ಮೂರನೇ ಸ್ಥಾನದ ಪಂದ್ಯದಲ್ಲಿ ಇದೇ ಒಮಾನ್ ವಿರುದ್ಧ ನಮ್ಮ ಭಾರತ ಪೆನಾಲ್ಟಿಯಲ್ಲಿ ಗೆದ್ದಾಗ ಕೊನೆಯ ಒದೆತವನ್ನು ತಡೆದದ್ದು ಅವರೇ.

ನಾನು ಕೇಳುವುದು ಜಾಸ್ತಿ ಏನಲ್ಲ. ಬೇಸಿಗೆ ಶಿಬಿರ ಅಂತ ಪ್ರತಿ ವರ್ಷ ನಡೆಯುತ್ತದೆ, ಫುಟ್‌ಬಾಲ್ ಅಂದರೆ ಅಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಓಡಿಸುವುದು, ಕೋನ್ ಸುತ್ತ ಚೆಂಡು ತಳ್ಳಿಸುವುದು, ಕೊನೆಗೆ ಪಂದ್ಯ. ಕೀಪರ್ ಹುಡುಗ ಎಲ್ಲರ ಜೊತೆ ಓಡಿ, ಕೊನೆಗೆ ಗೋಲಿಗೆ ಹೋಗಿ ಒದೆತ ತಿನ್ನುತ್ತಾನೆ. ಬ್ಯಾಂಕು, ಪೊಲೀಸ್, ಕಾರ್ಖಾನೆ ತಂಡಗಳಲ್ಲಿ ಗೋಲಿನಲ್ಲಿ ನಿಂತು ನಿವೃತ್ತರಾದವರನ್ನು ಹುಡುಕಿದರೆ ನಮ್ಮ ಜಿಲ್ಲೆಯಲ್ಲೂ ಸಿಗುತ್ತಾರೆ. ಬೆಳಿಗ್ಗೆ ಒಂದು ಗಂಟೆ ಕೀಪರ್ ಹುಡುಗರನ್ನು, ಹುಡುಗಿಯರನ್ನು ಬೇರೆ ಕರೆದು ಅವರ ಕೈಗೆ ಒಪ್ಪಿಸಲಿ. ಗೌರವಧನ ಕೊಟ್ಟರೆ ಒಳ್ಳೆಯದು, ಬಸ್ ಚಾರ್ಜು ಕಾಫಿ ಕೊಟ್ಟರೂ ಬರುವವರು ಇದ್ದಾರೆ.

ಮುಂದಿನ ಬೇಸಿಗೆ ಶಿಬಿರದ ಪ್ರಕಟಣೆ ಹೇಗೂ ನಿಮ್ಮ ಪತ್ರಿಕೆಗೆ ಬಂದೇ ಬರುತ್ತದೆ. ಅದರಲ್ಲಿ ಗೋಲ್‌ಕೀಪಿಂಗ್ ಅನ್ನೋದು ಎಲ್ಲಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಫೋನ್ ಮಾಡಿ ಕೇಳಿ. ನಾವು ಮಾಡಿದರೆ ಎತ್ತುವುದಿಲ್ಲ, ಪೇಪರಿನವರು ಅಂದರೆ ಎತ್ತುತ್ತಾರೆ.

ಇಂತಿ,
ಒಬ್ಬ ಹಳೇ ಓದುಗ, ಶಿವಮೊಗ್ಗ