ಭಾನುವಾರ ಸಂಜೆ: ಕೂಲ್ ಅಂಡ್ ದ ಗ್ಯಾಂಗ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ಗ್ರೂಪ್ ಕಾಲ್‌ನಲ್ಲಿ ಕೂಲ್ ಅಂಡ್ ದ ಗ್ಯಾಂಗ್ ಕೇಳೋಣ. ಹೊಸಬರೂ ಬನ್ನಿ.

1964ರಲ್ಲಿ ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಜಾಝ್ ನುಡಿಸುತ್ತಾ ಶುರುವಾಗಿ, ಫಂಕ್‌ಗೆ (ಬಾಸ್, ತಾಳವೇ ಮುಂದಿರುವ ಕುಣಿತದ ಸಂಗೀತ) ಹೊರಳಿದ ಅಮೆರಿಕದ ತಂಡವಿದು. ಬಾಸ್ ಗಿಟಾರ್‌ಗೆ ರಾಬರ್ಟ್ ‘ಕೂಲ್’ ಬೆಲ್, ಸ್ಯಾಕ್ಸೊಫೋನ್‌ಗೆ ಅವರ ತಮ್ಮ ರೊನಾಲ್ಡ್ ಇದ್ದರು. ಬರುವ ಮುಂಚೆ ಈ ನಾಲ್ಕನ್ನು ಇದೇ ಕ್ರಮದಲ್ಲಿ ಕೇಳಿ:

‘ಜಂಗಲ್ ಬೂಗಿ’ (1973)
‘ಸಮ್ಮರ್ ಮ್ಯಾಡ್‌ನೆಸ್’ (1974)
‘ಲೇಡೀಸ್ ನೈಟ್’ (1979)
‘ಸೆಲೆಬ್ರೇಷನ್’ (1980)

ಮೊದಲೆರಡರಲ್ಲಿ ವಾದ್ಯಗಳದೇ ದರ್ಬಾರು. ಮೂರನೆಯದಕ್ಕೆ ಗಾಯಕ ಜೆ.ಟಿ. ಟೇಲರ್, ನಿರ್ಮಾಪಕ ದೆಯೊದಾಟೊ ಬಂದರು. ಹಾರ್ನ್‌ಗಳು (ಸ್ಯಾಕ್ಸೊಫೋನ್, ಟ್ರಂಪೆಟ್‌ನಂಥ ಊದುವ ವಾದ್ಯಗಳು) ಹಿಂದೆ ಸರಿದು ಹಾಡು ಮುಂದೆ ಬಂತು. ಅಮೆರಿಕದ ಪಾಪ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು ‘ಸೆಲೆಬ್ರೇಷನ್’ ಒಂದೇ. ನಮ್ಮಲ್ಲಿ ಕೆಲವರಿಗೆ ‘ಜಂಗಲ್ ಬೂಗಿ’ಯೇ ಮೇಲು, ಆ ಜಗಳ ಭಾನುವಾರಕ್ಕಿರಲಿ.

ಫೋನ್ ಸ್ಪೀಕರ್ ಬೇಡ. ಬಾಸ್ ಗಿಟಾರಿನ ಅತಿ ಕೆಳಸ್ವರದ ತಂತಿ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಅಷ್ಟು ಚಿಕ್ಕ ಸ್ಪೀಕರಿನಲ್ಲಿ ಅದು ಹೊರಡುವುದೇ ಇಲ್ಲ, ಫಂಕ್‌ನ ಅರ್ಧ ಜೀವವೇ ಹೋಗುತ್ತದೆ. ವೈರ್ ಇರುವ ಇಯರ್‌ಫೋನ್ ಒಳ್ಳೆಯದು. ಲೈವ್, ರೀಮಿಕ್ಸ್ ಬಿಟ್ಟು ಮೂಲ ಧ್ವನಿಮುದ್ರಣವನ್ನೇ ಹಾಕಿಕೊಳ್ಳಿ. ಕಾಲ್‌ನಲ್ಲಿ ಎಲ್ಲರೂ ಮ್ಯೂಟ್‌ನಲ್ಲಿರಿ. ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ತಡವಾಗಿ ಕೇಳಿ ತಾಳ ಕೆಡುತ್ತದೆ.

ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ.